ಬಹುಮಾನ ಕೊಟ್ಟು ಬೀರುವಿನಲ್ಲಿಟ್ಟ ಸಿನಿಮಾ

ಪ್ರತಿ ವರ್ಷ ಪುಷ್ಯ ಮಾಸದ ಚಳಿಯಲ್ಲಿ ಕಪಿಲೆಯ ದಂಡೆಯ ಸುತ್ತೂರಿನಲ್ಲಿ ಜಾತ್ರೆ ಸೇರುತ್ತದೆ. ಒಂದು ಕಡೆಯಿಂದ ನಂಜನಗೂಡಿನ ಬಸ್ಸುಗಳು, ಇನ್ನೊಂದು ಕಡೆಯಿಂದ ತಿ. ನರಸೀಪುರದ ಬಸ್ಸುಗಳು ಜನರನ್ನು ತುಂಬಿಕೊಂಡು ಬರುತ್ತವೆ. ರಥೋತ್ಸವ, ತೆಪ್ಪೋತ್ಸವ ಒಂದು ಬದಿಗಾದರೆ ದನಗಳ ಜಾತ್ರೆ, ಕೃಷಿ ಮೇಳ, ಕುಸ್ತಿ, ಭಜನೆ, ನಾಟಕ ಇನ್ನೊಂದು ಬದಿಗೆ. ಸಾಮೂಹಿಕ ವಿವಾಹದ ಚಪ್ಪರದಲ್ಲಿ ಹಲವು ಜಾತಿಗಳ ಜೋಡಿಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಮಠದ ದಾಸೋಹದಲ್ಲಿ ಉಣ್ಣಲು ಕೂತವನ ಕುಲ ಯಾವುದೆಂದು ಕೇಳುವ ಪದ್ಧತಿಯಿಲ್ಲ.

ಜಾತ್ರೆಯೆಂದರೆ ಬರೀ ದೇವರಲ್ಲ, ಅಂಗಡಿ ಸಾಲೂ ಹೌದು. ಹಳೆ ಮೈಸೂರು ಸೀಮೆಯ ಜಾತ್ರೆಗಳಲ್ಲಿ ಎತ್ತಿಗೆ ಲಾಳ ಕಟ್ಟುವವರು, ಬಳೆ ತೊಡಿಸುವವರು, ಹಣ್ಣು ಮಾರುವವರು ಸಾಬರಾಗಿರುವುದು ಯಾರೂ ಗಮನಿಸದಷ್ಟು ಮಾಮೂಲಿಯಾದ ಸಂಗತಿಯಾಗಿತ್ತು. ಆ ಮಾಮೂಲಿಗೆ 2022ರ ಮಾರ್ಚ್‌ನಲ್ಲಿ ಕೊಡಲಿ ಏಟು ಬಿತ್ತು. ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆಯಲ್ಲಿ, ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ ಮುಸ್ಲಿಮರಿಗೆ ಅಂಗಡಿ ಇಲ್ಲ ಎಂದರು. ಆಮೇಲೆ ಅದು ಊರಿಂದೂರಿಗೆ ಹಬ್ಬಿತು. ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ 2002ರಲ್ಲಿ ರಚಿಸಿದ ನಿಯಮಾವಳಿಯ ಒಂದು ಸಾಲನ್ನು ಸರ್ಕಾರದ ಮಂತ್ರಿಗಳೇ ವಿಧಾನಸಭೆಯಲ್ಲಿ ಎತ್ತಿ ಓದಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ; ಕಾಗದ ತೋರಿಸಿದರು, ಅಷ್ಟೆ. ಬಳೆಯ ಪೆಟ್ಟಿಗೆ ಹೊತ್ತವನು ಆ ಕಾಗದದ ಮುಂದೆ ಏನು ಮಾತಾಡಬೇಕು?

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದವನು ಸಲೀಂ ಮಿರ್ಜಾ. ಅವನು ಆಗ್ರಾದ ಚಪ್ಪಲಿ-ಬೂಟುಗಳ ಕಾರ್ಖಾನೆದಾರ, 'ಗರ್ಮ್ ಹವಾ' ಚಿತ್ರದ ನಾಯಕ. ಅವನನ್ನು ತೆರೆಗೆ ತಂದವರು ಆಗ್ರಾದವರೂ ಅಲ್ಲ, ಮುಸ್ಲಿಮರೂ ಅಲ್ಲ. ಸುತ್ತೂರಿನಿಂದ ಬಸ್ಸು ಹತ್ತಿದರೆ ತಾಸೊತ್ತಿನಲ್ಲಿ ಸಿಗುವ ಮೈಸೂರು ನಗರದಲ್ಲಿ 1930ರ ಜುಲೈ 6ರಂದು ಬ್ರಾಹ್ಮಣ ಮನೆತನವೊಂದರಲ್ಲಿ ಹುಟ್ಟಿದ ಮೈಸೂರು ಶ್ರೀನಿವಾಸ ಸತ್ಯು ಅವರು. ಸಿನಿಮಾ, ಟಿ.ವಿ., ರಂಗಭೂಮಿ ಮೂರರಲ್ಲೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದುಡಿದವರು.

ಸತ್ಯು ಅವರನ್ನು ಹೊಗಳಲು ಈ ಲೇಖನ ಬರೆಯುತ್ತಿಲ್ಲ. ಹೊಗಳಿಕೆ ಅವರಿಗೆ ಬೇಕಾದಷ್ಟು ಸಿಕ್ಕಿದೆ. 1975ರಲ್ಲೇ ಪದ್ಮಶ್ರೀ ಬಂತು. ನನ್ನ ತಕರಾರು ಇರುವುದು ನಾವು ಅವರನ್ನು ಹೊಗಳಿದ ರೀತಿಯ ಬಗ್ಗೆ. 'ಕೋಮು ಸೌಹಾರ್ದದ ನಿರ್ದೇಶಕ' ಎಂಬ ಚೀಟಿ ಅಂಟಿಸಿ ಅವರ ಚಿತ್ರಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ. ಈ ಕೆಲಸವನ್ನು ಸರ್ಕಾರ ಮಾಡಿತು, ಕನ್ನಡ ಚಿತ್ರರಂಗ ಮಾಡಿತು. ಮುಸ್ಲಿಮರಾದ ನಾವೂ ಮಾಡಿದೆವು. ಬೀಗದ ಕೈ ಮೂವರ ಜೇಬಿನಲ್ಲೂ ಒಂದೊಂದಿದೆ.

ಒಂದೇ ಪಂಕ್ತಿಯಲ್ಲಿ ಕೂತವರು

ಸತ್ಯು ಪದವಿ ಮುಗಿಸುವ ಮೊದಲೇ ಕಾಲೇಜು ಬಿಟ್ಟು 1952ರಲ್ಲಿ ಮುಂಬಯಿಗೆ ಹೋದರು. ಕೆಲಕಾಲ ಅನಿಮೇಷನ್ ಚಿತ್ರಗಳ ಬಿಡಿ ಕೆಲಸ, ಆಮೇಲೆ ಹತ್ತಿರ ಹತ್ತಿರ ನಾಲ್ಕು ವರ್ಷ ಕೆಲಸವೇ ಇಲ್ಲದ ಅಲೆದಾಟ. ನಂತರ ಚೇತನ್ ಆನಂದ್ ಅವರ ಬಳಿ ಸಹಾಯಕ ನಿರ್ದೇಶಕರಾದರು. 1964ರ 'ಹಕೀಕತ್' ಚಿತ್ರದ ಕಲಾ ನಿರ್ದೇಶನ ಅವರಿಗೆ ಫಿಲಂಫೇರ್ ಪ್ರಶಸ್ತಿ ತಂದಿತು. ಇದರ ಜೊತೆಗೆ ದೆಹಲಿಯಲ್ಲಿ ರಂಗ ಸಜ್ಜಿಕೆ ಮತ್ತು ಬೆಳಕಿನ ವಿನ್ಯಾಸ. ಬೇಗಂ ಖುದ್ಸಿಯಾ ಜೈದಿಯವರ ಹಿಂದೂಸ್ತಾನಿ ಥಿಯೇಟರ್, ಹಬೀಬ್ ತನ್ವೀರ್ ಅವರ ತಂಡ, ದೆಹಲಿ ಕನ್ನಡಿಗರ ಕನ್ನಡ ಭಾರತಿ, ಇಪ್ಟಾ - ಹೀಗೆ ಉರ್ದು, ಹಿಂದಿ, ಕನ್ನಡ ಮೂರೂ ಕಡೆ ಅವರು ಕೆಲಸ ಮಾಡಿದರು. ಖುದ್ಸಿಯಾ ಅವರ ಮಗಳು ಶಮಾ ಜೈದಿ ಅವರ ಬಾಳಸಂಗಾತಿಯಾದರು.

ಈ ವಿವರಗಳನ್ನು ಯಾಕೆ ಹೇಳುತ್ತಿದ್ದೇನೆಂದರೆ, 'ಗರ್ಮ್ ಹವಾ' ಆಕಾಶದಿಂದ ಉದುರಿದ್ದಲ್ಲ. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆ, ಶಮಾ ಜೈದಿ ಮತ್ತು ಕೈಫಿ ಆಜ್ಮಿಯವರ ಚಿತ್ರಕಥೆ, ಕೈಫಿಯವರ ಸಂಭಾಷಣೆ, ಇಪ್ಟಾದ ನಟರು. ಬಹುಸಂಖ್ಯಾತ ಸಮುದಾಯದ ನಿರ್ದೇಶಕರೊಬ್ಬರು ಮುಸ್ಲಿಮರ 'ಪರವಾಗಿ' ಮಾತನಾಡಿದರೆಂದು ಈ ಚಿತ್ರವನ್ನು ಹೊಗಳುವುದುಂಟು. ಅದು ತಪ್ಪು. ಅವರು ಪರವಾಗಿ ಮಾತನಾಡಲಿಲ್ಲ; ಮಾತನಾಡುವವರ ಪಕ್ಕದಲ್ಲಿ ಕೂತರು. ಆ ಮನೆಯ ಊಟ ಉಂಡರು, ಆ ಮನೆಯ ಭಾಷೆ ಕಲಿತರು, ಆ ಮನೆಯ ಜಗಳಗಳನ್ನು ಕಂಡರು. ನಮ್ಮ ಚಿತ್ರರಂಗಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೆ?

ಹಣವೂ ಹಾಗೆಯೇ ಕೂಡಿತು. ಸತ್ಯು ಮೊದಲು ಕೊಟ್ಟ ಬೇರೊಂದು ಚಿತ್ರಕಥೆಯನ್ನು ಫಿಲಂ ಫೈನಾನ್ಸ್ ಕಾರ್ಪೊರೇಷನ್ ತಿರಸ್ಕರಿಸಿತ್ತು. ಇದಕ್ಕೆ ಎರಡೂವರೆ ಲಕ್ಷ ರೂಪಾಯಿ ಮಂಜೂರಾಯಿತು. ಉಳಿದದ್ದು ಸ್ನೇಹಿತರಿಂದ ಎತ್ತಿದ ಸಾಲ. ಕ್ಯಾಮೆರಾ ಕೂಡ ಎರವಲು. ಶಬ್ದ ಮುದ್ರಣದ ಸಲಕರಣೆಗೆ ದುಡ್ಡಿಲ್ಲದೆ ಇಡೀ ಚಿತ್ರವನ್ನು ಮೂಕಿಯಾಗಿ ತೆಗೆದು ಆಮೇಲೆ ಮಾತು ಸೇರಿಸಿದರು. ಆಗ್ರಾದಲ್ಲಿ ವಿರೋಧ ಎದ್ದಾಗ ಫಿಲಂ ಇಲ್ಲದ ಕ್ಯಾಮೆರಾ ಕೊಟ್ಟು ಸುಳ್ಳು ತಂಡವೊಂದನ್ನು ಬೇರೆ ಬೀದಿಗೆ ಕಳಿಸಿ, ಜನ ಅತ್ತ ನುಗ್ಗಿದಾಗ ಇತ್ತ ನಿಜವಾದ ಚಿತ್ರೀಕರಣ ಮಾಡಬೇಕಾಯಿತು. ಸಲೀಂ ಮಿರ್ಜಾನಾಗಿ ಬದುಕಿದ ಬಲರಾಜ್ ಸಾಹ್ನಿ ತಮ್ಮ ಮಾತುಗಳ ಧ್ವನಿಮುದ್ರಣ ಮುಗಿಸಿದ ಮರುದಿನ, 1973ರ ಏಪ್ರಿಲ್ 13ರಂದು ತೀರಿಕೊಂಡರು. ಪೂರ್ಣ ಚಿತ್ರವನ್ನು ಅವರು ನೋಡಲೇ ಇಲ್ಲ.

ಸಿದ್ಧವಾದ ಚಿತ್ರವನ್ನು ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ತಡೆಹಿಡಿಯಿತು. ಕೋಮು ಗಲಭೆಯಾಗುತ್ತದೆಂಬ ಹೆದರಿಕೆಯಂತೆ. ಪ್ರಧಾನಿ ಇಂದಿರಾ ಗಾಂಧಿಯವರವರೆಗೆ ಹೋದ ಮೇಲೆಯೇ ಅನುಮತಿ ಸಿಕ್ಕಿತು. ಮುಂಬಯಿಯಲ್ಲಿ ಬಾಳ ಠಾಕ್ರೆಯವರ ಬೆದರಿಕೆ ಎದುರಾಯಿತು. ಚಿತ್ರ ಮೊದಲು ತೆರೆ ಕಂಡದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ! ಗಲಭೆಯಾಗಲಿಲ್ಲ. ಯಾರೂ ಪರದೆ ಹರಿಯಲಿಲ್ಲ. ಬೆಂಗಳೂರಿನ ಪ್ರೇಕ್ಷಕರು ಚಿತ್ರವನ್ನು ಮೆಚ್ಚಿದ್ದರಿಂದಲೇ ಉಳಿದ ಕಡೆ ಬಿಡುಗಡೆಗೆ ದಾರಿಯಾಯಿತು. ಆಗ್ರಾದ ಮುಸ್ಲಿಂ ಮನೆಯೊಂದರ ಸಂಕಟವನ್ನು ದೇಶಕ್ಕೆ ಮೊದಲು ದಾಟಿಸಿದವರು ಕನ್ನಡ ನಾಡಿನ ಪ್ರೇಕ್ಷಕರು. ಇದು ಹೆಮ್ಮೆಪಡಬೇಕಾದ ಇತಿಹಾಸ. ಆದರೆ ಅಂಥ ಇತಿಹಾಸವಿರುವ ನಾಡಿನಲ್ಲೇ ಐವತ್ತು ವರ್ಷ ಕಳೆಯುವ ಹೊತ್ತಿಗೆ ಬಳೆಗಾರನನ್ನು ಜಾತ್ರೆಯಿಂದ ಎಬ್ಬಿಸಿದ್ದು ಹೇಗೆ?

ಹೃದಯದ ಕಥೆಯಲ್ಲ, ಕಡತದ ಕಥೆ

ಚಿತ್ರ ನೋಡದವರಿಗಾಗಿ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ದೇಶ ವಿಭಜನೆಯಾಗಿದೆ, ಗಾಂಧೀಜಿಯ ಕೊಲೆಯಾಗಿದೆ. ಸಲೀಂ ಮಿರ್ಜಾ ಒಬ್ಬೊಬ್ಬರೇ ಬಂಧುಗಳನ್ನು ರೈಲು ಹತ್ತಿಸಿ ಮನೆಗೆ ಮರಳುತ್ತಿದ್ದಾನೆ. ಮುಸ್ಲಿಂ ಲೀಗ್ ಮುಖಂಡನಾದ ಅಣ್ಣ ಹಲೀಂ ಪಾಕಿಸ್ತಾನಕ್ಕೆ ಹೋಗುತ್ತಾನೆ. ತಲೆಮಾರುಗಳಿಂದ ಬಾಳಿದ ಹವೇಲಿ ದಾಖಲೆಯಲ್ಲಿ ಅಣ್ಣನ ಹೆಸರಿನಲ್ಲಿದೆ. ಆದ್ದರಿಂದ ಅದು 'ವಲಸೆ ಹೋದವರ ಆಸ್ತಿ'ಯಾಗಿ ಸರ್ಕಾರದ ಪಾಲಾಗಿ, ಸಿಂಧ್‌ನಿಂದ ಎಲ್ಲ ಕಳೆದುಕೊಂಡು ಬಂದ ಅಜ್ಮಾನಿ ಎಂಬ ವ್ಯಾಪಾರಿಗೆ ಮಂಜೂರಾಗುತ್ತದೆ. ಮುದಿ ತಾಯಿ ಮನೆ ಬಿಡಲು ಒಪ್ಪದೆ ಮೂಲೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಬಾಡಿಗೆ ಮನೆ ಹುಡುಕಲು ಹೋದರೆ ಮುಸ್ಲಿಮನಿಗೆ ಮನೆಯಿಲ್ಲ. ಕಾರ್ಖಾನೆ ನಡೆಸಲು ಸಾಲ ಕೇಳಿದರೆ, ನಾಳೆ ಓಡಿ ಹೋಗುವವನಿಗೆ ಸಾಲ ಕೊಡುವುದು ಹೇಗೆಂಬ ಅನುಮಾನ. ಓದಿದ ಮಗ ಸಿಕಂದರನಿಗೆ ಕೆಲಸವಿಲ್ಲ. ಮಗಳು ಆಮಿನಾಳನ್ನು ಮದುವೆಯಾಗಬೇಕಿದ್ದ ಇಬ್ಬರೂ ಒಬ್ಬರ ಹಿಂದೊಬ್ಬರು ಗಡಿಯಾಚೆ ಸೇರುತ್ತಾರೆ. ಅವಳು ಪ್ರಾಣ ಕಳೆದುಕೊಳ್ಳುತ್ತಾಳೆ. ಹಳೆಯ ಹವೇಲಿಯ ನಕ್ಷೆಯನ್ನು ಅಣ್ಣನಿಗೆ ಕಳಿಸಿದ ತಪ್ಪಿಗೆ ಸಲೀಂ ಮಿರ್ಜಾನ ಮೇಲೆ ಬೇಹುಗಾರಿಕೆಯ ಆರೋಪ ಬರುತ್ತದೆ. ನ್ಯಾಯಾಲಯ ಬಿಟ್ಟರೂ ಬೀದಿ ಬಿಡುವುದಿಲ್ಲ.

ಓದುಗರು ಗಮನಿಸಬೇಕು. ಈ ಕಥೆಯಲ್ಲಿ ಖಳನಾಯಕನಿಲ್ಲ. ಅಜ್ಮಾನಿಯೂ ಸಂತ್ರಸ್ತನೇ, ಒಳ್ಳೆಯವನೇ. ಕತ್ತಿ ಹಿಡಿದು ಬಂದ ಗುಂಪಿಗಿಂತ ಹೆಚ್ಚಾಗಿ ಸಲೀಂ ಮಿರ್ಜಾನನ್ನು ಸೋಲಿಸಿದ್ದು ಆಸ್ತಿ ದಾಖಲೆ, ಸಾಲದ ಅರ್ಜಿ, ಬಾಡಿಗೆ ಕರಾರು, ಪೊಲೀಸ್ ಕಡತ. 1950ರ ವಲಸಿಗರ ಆಸ್ತಿ ಕಾಯ್ದೆ ಆ ಹವೇಲಿಯನ್ನು ಕಿತ್ತುಕೊಂಡ ಬಗೆಯನ್ನು ಸತ್ಯು ತೋರಿಸುವಾಗ ಅವರು ಹೇಳುತ್ತಿರುವುದು ಎರಡು ಧರ್ಮಗಳ ನಡುವಿನ ಪ್ರೀತಿಯ ಬಗ್ಗೆ ಅಲ್ಲ, ಪೌರತ್ವದ ಬಗ್ಗೆ. ಆ ಕಾಯ್ದೆಯ ಮಾತು ಹಳೆಯದಾಯಿತೆಂದು ಯಾರಾದರೂ ಹೇಳಬಹುದು. 1968ರಲ್ಲಿ ಶತ್ರು ಆಸ್ತಿ ಕಾಯ್ದೆ ಬಂತು. 2017ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯ ಪ್ರಕಾರ, ಪಾಕಿಸ್ತಾನಕ್ಕೆ ಹೋದವನ ಆಸ್ತಿಗೆ ಇಲ್ಲೇ ಹುಟ್ಟಿ ಇಲ್ಲೇ ಬಾಳಿದ ಭಾರತೀಯ ಪ್ರಜೆಯಾದ ವಾರಸುದಾರನೂ ಹಕ್ಕು ಸಾಧಿಸುವಂತಿಲ್ಲ. ಸಲೀಂ ಮಿರ್ಜಾನ ಕಡತ ಇನ್ನೂ ಮುಚ್ಚಿಲ್ಲ.

ಇಂಥ ಚಿತ್ರಕ್ಕೆ ನಮ್ಮ ಸರ್ಕಾರ ಕೊಟ್ಟ ಬಹುಮಾನ ಯಾವುದು? ರಾಷ್ಟ್ರೀಯ ಭಾವೈಕ್ಯ ಕುರಿತ ಅತ್ಯುತ್ತಮ ಚಿತ್ರ! ಬಹುಮಾನ ಕೊಟ್ಟವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ 'ಭಾವೈಕ್ಯ' ಎಂದಾಕ್ಷಣ ರೋಗ ಇರುವುದು ಭಾವದಲ್ಲಿ ಎಂದಾಯಿತು. ಹಿಂದೂಗಳೂ ಮುಸ್ಲಿಮರೂ ಪರಸ್ಪರ ಅಪ್ಪಿಕೊಂಡರೆ, ಇಫ್ತಾರಿಗೆ ಇವರು ಅವರನ್ನು, ಹಬ್ಬಕ್ಕೆ ಅವರು ಇವರನ್ನು ಕರೆದರೆ ಎಲ್ಲ ಸರಿಹೋಯಿತು ಎಂದಾಯಿತು. ಸಾಲ ಕೊಡದ ಬ್ಯಾಂಕು, ಮನೆ ಕೊಡದ ಮಾಲೀಕ, ಮಂಜೂರಾತಿ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಇವರೆಲ್ಲ ಚೌಕಟ್ಟಿನಿಂದ ಹೊರಗೆ ಉಳಿದರು. ಯಾರನ್ನೂ ಕಟಕಟೆಗೆ ಕರೆಯದ ಚಿತ್ರವೆಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಕನ್ನಡದ ಸತ್ಯು ಎಲ್ಲಿ?

ಚೀಟಿ ಎಷ್ಟು ತಪ್ಪೆಂದು ತಿಳಿಯಲು ಅವರ ಉಳಿದ ಕೆಲಸಗಳನ್ನು ಒಟ್ಟಿಗಿಟ್ಟು ನೋಡಬೇಕು. 1977ರ 'ಕನ್ನೇಶ್ವರ ರಾಮ' ಅವರ ಮೊದಲ ಕನ್ನಡ ಚಿತ್ರ. ಅನಂತನಾಗ್ ಎದುರು ಶಬಾನಾ ಆಜ್ಮಿ ಕನ್ನಡದ ತೆರೆಗೆ ಬಂದದ್ದು ಅದರಲ್ಲಿ. ಕಾನೂನಿನ ಆಚೆಗೆ ತಳ್ಳಲ್ಪಟ್ಟವನೊಬ್ಬನ ಕಥೆ ಅದು. ಮರುವರ್ಷ ರಾಜಕೀಯ ವಿಡಂಬನೆಯಾದ 'ಚಿತೆಗೂ ಚಿಂತೆ'. ಆಮೇಲೆ ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ 'ಬರ'. ಜಿಲ್ಲೆಯೊಂದು ನೀರಿಲ್ಲದೆ ಒಣಗುತ್ತಿದೆ. ಅದನ್ನು ಬರಪೀಡಿತವೆಂದು ಘೋಷಿಸಬೇಕೆಂದರೆ ರಾಜಕೀಯದ ಲೆಕ್ಕಾಚಾರ ಅಡ್ಡ ಬರುತ್ತದೆ. ಪ್ರಾಮಾಣಿಕ ಜಿಲ್ಲಾಧಿಕಾರಿ ಕಡತಗಳ ನಡುವೆ ಒದ್ದಾಡುತ್ತಾನೆ. ಹಸಿದ ಊರಿನಲ್ಲಿ ಕೋಮು ಗಲಭೆ ಹೊತ್ತಿಕೊಳ್ಳುತ್ತದೆ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ ಅದಕ್ಕೆ ಬಂತು. ಅದರ ಹಿಂದಿ ರೂಪ 'ಸೂಖಾ'ಕ್ಕೆ ಮತ್ತೆ ಅದೇ ಭಾವೈಕ್ಯದ ಬಹುಮಾನ!

ಟಿ.ವಿ.ಯಲ್ಲಿ ಅವರು ಮಾಡಿದ 'ಕಾಯರ್' ತಕಳಿ ಶಿವಶಂಕರ ಪಿಳ್ಳೆಯವರ ಮಹಾಕಾದಂಬರಿಯ ಧಾರಾವಾಹಿ ರೂಪ. ಕುಟ್ಟನಾಡಿನ ತಲೆಮಾರುಗಳ ಆ ಕಥೆ ಆರಂಭವಾಗುವುದೇ ಜಮೀನು ಅಳೆದು ದರ್ಜೆ ಕಟ್ಟಲು ಬಂದ ಸರ್ಕಾರಿ ಅಧಿಕಾರಿಯಿಂದ. 2010ರಲ್ಲಿ ಎಂಬತ್ತರ ಹೊಸ್ತಿಲಲ್ಲಿ ಅವರು ಮಾಡಿದ 'ಇಜ್ಜೋಡು' ಬಸವಿ ಬಿಡುವ ಪದ್ಧತಿಯ ಕುರಿತದ್ದು. ಇದರ ನಡುವೆ ದಾರಾ ಶಿಕೋಹ್‌ನ ಬದುಕನ್ನು ರಂಗಕ್ಕೆ ತಂದರು.

ಜಮೀನು, ಬೆಳೆ, ಸಾಲ, ಆದೇಶ, ಪದ್ಧತಿ. ಮನುಷ್ಯನ ಕುತ್ತಿಗೆಗೆ ಬೀಳುವ ಹಗ್ಗ ಯಾವ ಕಚೇರಿಯಲ್ಲಿ, ಯಾವ ಜಗುಲಿಯಲ್ಲಿ ಹೊಸೆಯಲ್ಪಡುತ್ತದೆ ಎಂಬುದೇ ಈ ನಿರ್ದೇಶಕರ ಮುಖ್ಯ ಕುತೂಹಲ. ಬರಗಾಲದ ರೈತನನ್ನು ನೋಡಿದ ಕಣ್ಣಿನಿಂದಲೇ ಅವರು ಆಗ್ರಾದ ಸಲೀಂ ಮಿರ್ಜಾನನ್ನೂ ನೋಡಿದರು. ಅಂದರೆ ಮುಸ್ಲಿಮನನ್ನು 'ಸಮಸ್ಯೆ'ಯಾಗಿ ನೋಡಲಿಲ್ಲ, 'ಅಲಂಕಾರ'ವಾಗಿಯೂ ನೋಡಲಿಲ್ಲ. ದುಡಿದು ತಿನ್ನುವ ಮನುಷ್ಯನಾಗಿ ನೋಡಿದರು. ಕನ್ನಡ ಚಿತ್ರರಂಗ ಕಲಿಯಬೇಕಿದ್ದದ್ದು ಇದನ್ನು. ಕಲಿತದ್ದು ಏನನ್ನು?

ನಮ್ಮ ವ್ಯಾಪಾರಿ ಚಿತ್ರಗಳಲ್ಲಿ ಮುಸ್ಲಿಮನಿಗೆ ಮೂರೇ ಪಾತ್ರ. ಒಂದು, ಕಣ್ಣಿಗೆ ಸುರ್ಮಾ ಹಚ್ಚಿ ಮಚ್ಚು ಹಿಡಿದ ಭೂಗತ ಲೋಕದವನು. ಈಚಿನ ವರ್ಷಗಳಲ್ಲಿ ಅವನ ಕೈಗೆ ಬಾಂಬೂ ಬಂದಿದೆ. ಎರಡು, 'ನಮ್ದೂಕೆ ನಿಮ್ದೂಕೆ' ಎಂದು ಕನ್ನಡವನ್ನು ತೊದಲಿ ನಗಿಸುವ ಸಾಬಿ. ಮೂರು, ನಾಯಕನಿಗೆ ಬೀಳಬೇಕಿದ್ದ ಗುಂಡಿಗೆ ಎದೆಯೊಡ್ಡಿ, ಸಾಯುವ ಮುನ್ನ ದೇಶಭಕ್ತಿಯ ಮಾತಾಡುವ ಒಳ್ಳೆಯ ಮುಸ್ಲಿಂ. ಮೂರನೆಯವನನ್ನು ಕಂಡು ನಾವು ಕೃತಜ್ಞರಾಗಬೇಕೆಂದು ಚಿತ್ರರಂಗದವರು ನಿರೀಕ್ಷಿಸುತ್ತಾರೆ. ನನಗಂತೂ ಅವನೇ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಸತ್ತು ಸಾಬೀತು ಮಾಡಿದ ಮೇಲೆ ಮಾತ್ರ ನಿನ್ನ ದೇಶಪ್ರೇಮ ನಂಬುತ್ತೇವೆ ಎನ್ನುವ ಷರತ್ತು ಅವನ ಕೊರಳಿನಲ್ಲಿದೆ. ಸಲೀಂ ಮಿರ್ಜಾ ಹಾಗೆ ಸಾಯುವುದಿಲ್ಲ. ಅವನು ಬದುಕುತ್ತಾನೆ, ಬಾಡಿಗೆ ಕಟ್ಟುತ್ತಾನೆ, ಸಾಲಕ್ಕೆ ಅಲೆಯುತ್ತಾನೆ. ತೆರೆಯ ಮೇಲೆ ಹಾಗೆ ಬದುಕುವ ಹಕ್ಕು ನಮಗಿನ್ನೂ ಸಿಕ್ಕಿಲ್ಲ.

ಅಪವಾದಗಳಿಲ್ಲವೇ? ಇವೆ. ಬಾನು ಮುಷ್ತಾಕ್ ಅವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 'ಹಸೀನಾ' ಮಾಡಿದರು. ಅವರದೇ 2008ರ 'ಗುಲಾಬಿ ಟಾಕೀಸ್'ನಲ್ಲಿ ಟಿ.ವಿ. ಪೆಟ್ಟಿಗೆಯೊಂದು ಕರಾವಳಿಯ ಸೂಲಗಿತ್ತಿ ಗುಲಾಬಿಯ ಮನೆಗೆ ಬಂದಾಗ ಊರ ಹೆಂಗಸರೆಲ್ಲ ಸೇರುವುದನ್ನೂ, ಗಾಳಿ ಬದಲಾದಾಗ ಅದೇ ಊರು ಅವಳನ್ನು ಹೊರಗಟ್ಟುವುದನ್ನೂ ತೋರಿಸಿದರು. 2023ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕಥೆ 'ಡೇರ್‌ಡೆವಿಲ್ ಮುಸ್ತಾಫಾ' ಎಂಬ ಹೆಸರಿನಲ್ಲಿ ತೆರೆಗೆ ಬಂದು ಜನರನ್ನು ನಗಿಸಿತು, ಯೋಚಿಸಲು ಹಚ್ಚಿತು. ಆದರೆ ಬೆರಳೆಣಿಕೆಯ ಚಿತ್ರಗಳಿಂದ ದಿನಾ ಸಂಜೆ ಮನೆಮನೆಗೆ ನುಗ್ಗುವ ಧಾರಾವಾಹಿಗಳ ಕೊರತೆ ತುಂಬೀತೇ? ಅತ್ತೆ-ಸೊಸೆಯರ ನೂರಾರು ಕಂತುಗಳಲ್ಲಿ ಪಕ್ಕದ ಮನೆಯವರಾಗಿ ಕೂಡ ಒಂದು ಮುಸ್ಲಿಂ ಕುಟುಂಬ ಕಾಣುವುದು ಅಪರೂಪ. ಸೀರೆ ಅಂಗಡಿಗೆ, ಮೆಕ್ಯಾನಿಕ್ ಷೆಡ್ಡಿಗೆ, ಆಟೋ ನಿಲ್ದಾಣಕ್ಕೆ ಹೋಗದ ಕರ್ನಾಟಕ ಅದು ಯಾವುದು?

ಮನೆ ನಿನ್ನೆಯೇ ಹೋಯಿತು

ಕೆಲವು ವರ್ಷಗಳ ಹಿಂದೆ ಮೈಸೂರಿನ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು. ಮಾಲೀಕರು ಬಹಳ ಸಭ್ಯರು. ಕೋಣೆಗಳನ್ನು ತೋರಿಸಿದರು, ನೀರಿನ ತೊಟ್ಟಿ ತೋರಿಸಿದರು, ಮುಂಗಡ ಎಷ್ಟೆಂದು ಹೇಳಿದರು. ಕೊನೆಗೆ ಹೆಸರು ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ಬಂದು, "ಕ್ಷಮಿಸಿ, ನಿನ್ನೆಯೇ ಯಾರಿಗೋ ಮಾತು ಕೊಟ್ಟುಬಿಟ್ಟಿದ್ದಾರಂತೆ ನಮ್ಮ ಮನೆಯವರು, ನನಗೆ ಗೊತ್ತಿರಲಿಲ್ಲ" ಎಂದರು. ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ಬೋರ್ಡು ಗೇಟಿನ ಮೇಲೇ ಇತ್ತು.

ಆ ಮಹನೀಯರು ಕೆಟ್ಟವರಲ್ಲ. ನಾನು ಅವರಲ್ಲಿ ಕುಡಿಯಲು ನೀರು ಕೇಳಿದ್ದರೆ ಮಜ್ಜಿಗೆ ಕೊಡುತ್ತಿದ್ದರು. ಭಾವೈಕ್ಯದ ಭಾಷಣವಿದ್ದರೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಭಾವದಲ್ಲಿ ಕೊರತೆಯಿರಲಿಲ್ಲ; ಕೊರತೆಯಿದ್ದದ್ದು ಕರಾರು ಪತ್ರದಲ್ಲಿ. 1973ರಲ್ಲಿ ತೆಗೆದ ಚಿತ್ರವೊಂದರ ದೃಶ್ಯದೊಳಗೆ ನಿಂತಂತೆ ಅನಿಸಿ, ಹಿಂತಿರುಗುವಾಗ ನಗು ಬಂತು. ಈ ನಗೆ ಯಾವ ಹಾಸ್ಯ ಚಿತ್ರದಲ್ಲೂ ಸಿಗುವುದಿಲ್ಲ.

ನಮ್ಮ ಜೇಬಿನ ಕೀಲಿಕೈ

ಇನ್ನು ನಮ್ಮ ಪಾಲಿನ ಮಾತು. ಇದನ್ನು ಬರೆದರೆ ಕೆಲವು ಹಿರಿಯರು ಮುನಿಸಿಕೊಳ್ಳುತ್ತಾರೆಂದು ಗೊತ್ತು.

ಸಿನಿಮಾ ಹರಾಮು ಎಂಬ ಒಂದೇ ಮಾತಿನಿಂದ ನಾವು ಮಕ್ಕಳನ್ನು ಕ್ಯಾಮೆರಾದಿಂದ ದೂರವಿಟ್ಟೆವು. ಸಿನಿಮಾ ನೋಡುವುದನ್ನು ಬಿಟ್ಟೆವೇ? ಇಲ್ಲ. ಟಿ.ವಿ. ಬಂದಾಗ ಮನೆಗೆ ತಂದೆವು, ಮೊಬೈಲ್ ಬಂದಾಗ ಕೈಗೆ ತೆಗೆದುಕೊಂಡೆವು. ಬಿಟ್ಟದ್ದು ಮಾಡುವ ಕೆಲಸವನ್ನು ಮಾತ್ರ. ನಮ್ಮ ಕಥೆಯನ್ನು ಹೇಳುವ ಹೊಣೆಯನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟು, ಅವರು ಹೇಳಿದ್ದು ಸರಿಯಿಲ್ಲವೆಂದು ಪ್ರತಿಭಟನೆ ಮಾಡುತ್ತ ಬಂದಿದ್ದೇವೆ. ಅಶ್ಲೀಲ ಬೇಡ, ಅಸಭ್ಯ ಬೇಡ ಎನ್ನುವುದು ಸರಿಯೇ. ಆದರೆ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲುವುದನ್ನು, ಅದು ನಮ್ಮವರ ವಿರುದ್ಧವೇ ಆದರೂ ನಿಲ್ಲುವುದನ್ನು ಕರ್ತವ್ಯವೆಂದು ಕಲಿಸಿದ ಧರ್ಮ ನಮ್ಮದು. ಈ ಕಾಲದಲ್ಲಿ ಕ್ಯಾಮೆರಾಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ?

ಹೊರಗಿನ ಜಗತ್ತನ್ನು ನೋಡಿ. ಮುಸ್ತಫಾ ಅಕ್ಕಾದ್ 1976ರಲ್ಲಿ 'ದಿ ಮೆಸೇಜ್' ಮಾಡಿದಾಗ ಪ್ರವಾದಿಯವರನ್ನು (ಸ) ತೆರೆಗೆ ತಾರದೆಯೇ ಅವರ ಕಾಲದ ಕಥೆ ಹೇಳಿದರು. ಇರಾನಿನ ಮಜೀದ್ ಮಜೀದಿ 1997ರಲ್ಲಿ ಒಂದು ಜೊತೆ ಶೂ ಕಳೆದುಕೊಂಡ ಅಣ್ಣ-ತಂಗಿಯ 'ಚಿಲ್ಡ್ರನ್ ಆಫ್ ಹೆವನ್' ಮಾಡಿ ಜಗತ್ತಿನ ಕಣ್ಣು ತೇವ ಮಾಡಿದರು. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ಜಕರಿಯಾ 2018ರಲ್ಲಿ 'ಸುಡಾನಿ ಫ್ರಂ ನೈಜೀರಿಯಾ' ಮಾಡಿದರು. ಮಲಪ್ಪುರದ ಉಮ್ಮಂದಿರು, ಫುಟ್‌ಬಾಲ್ ಹುಚ್ಚು, ಬಡತನ ಎಲ್ಲವೂ ಅದರಲ್ಲಿವೆ. ಯಾರೂ ಯಾರಿಗೂ ದೇಶಭಕ್ತಿಯ ಪ್ರಮಾಣಪತ್ರ ತೋರಿಸುವುದಿಲ್ಲ. ಮೈಸೂರಿನ ಉದಯಗಿರಿಯ ಬೀಡಿ ಕಟ್ಟುವ ತಾಯಿಯ ಕಥೆ, ನಂಜನಗೂಡಿನ ಬಾಳೆಹಣ್ಣಿನ ವ್ಯಾಪಾರಿಯ ಕಥೆ, ತಿ. ನರಸೀಪುರದ ಲಾರಿ ಕ್ಲೀನರಿನ ಕಥೆ ಯಾವಾಗ ಬರುತ್ತವೆ? ಯಾರು ಮಾಡುತ್ತಾರೆ?

ಕಥೆಗಾರರಿಗೆ ಕೊರತೆಯಿಲ್ಲ. ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ನಮ್ಮ ಮನೆಯೊಳಗಿನ ಬೆಳಕು-ಕತ್ತಲೆ ಎರಡನ್ನೂ ಕನ್ನಡಕ್ಕೆ ಕೊಟ್ಟಿದ್ದಾರೆ. ಅವರು ಬರೆದಾಗ ಮೊದಲು ಕಲ್ಲು ತೂರಿದವರು ಯಾರು? ಹೊರಗಿನವರಿಗಿಂತ ಮೊದಲು ನಾವೇ. ಆಮೇಲೆ 2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹೆಮ್ಮೆಯ ಬ್ಯಾನರ್ ಕಟ್ಟಿದೆವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಬಾರದೆಂದು ಕೆಲವರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಸೋತರು. ಅವರ ಸೋಲಿನಿಂದ ನಾವು ಸಂತೋಷಪಟ್ಟೆವು, ಸರಿ. ಆದರೆ ಬಾನು ಅವರ ಕಥೆಗಳಲ್ಲಿನ ಹೆಂಗಸರು ನಮ್ಮನ್ನು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟೆವೇ? 'ಗರ್ಮ್ ಹವಾ'ದ ಆಮಿನಾಳನ್ನು ಕೊಂದದ್ದು ವಿಭಜನೆ ಮಾತ್ರವಲ್ಲ. ಮಾತು ಕೊಟ್ಟು ಬೆನ್ನು ತೋರಿಸಿದ ನಮ್ಮದೇ ಗಂಡಸರು. ಲೀಗ್ ಬಿಟ್ಟು ಕಾಂಗ್ರೆಸ್ ಸೇರಿ, ಕೊನೆಗೆ ಸಾಲಗಾರರ ಕಣ್ತಪ್ಪಿಸಿ ಗಡಿ ದಾಟುವ ಮುಖಂಡ ಫಕ್ರುದ್ದೀನನೂ ಅದೇ ಚಿತ್ರದಲ್ಲಿದ್ದಾನೆ. ಅಂಥವರು ಇಂದು ನಮ್ಮ ನಡುವೆ ಇಲ್ಲವೇ? ಸತ್ಯು ನಮ್ಮನ್ನೂ ಬಿಡಲಿಲ್ಲ. ಅದಕ್ಕೇ ಅವರ ಚಿತ್ರ ಸತ್ಯ.

ಕೊನೆಯ ದೃಶ್ಯದ ಮೇಲೆ ನಮ್ಮವರದೊಂದು ಆಕ್ಷೇಪವಿದೆ. ಎಲ್ಲ ಸೋತ ಸಲೀಂ ಮಿರ್ಜಾ ಕೊನೆಗೆ ಪಾಕಿಸ್ತಾನಕ್ಕೆ ಹೊರಟು, ದಾರಿಯಲ್ಲಿ ಉದ್ಯೋಗಕ್ಕಾಗಿ ಕೂಗುತ್ತ ಸಾಗುವ ಮೆರವಣಿಗೆ ಕಂಡು, ಮಗನನ್ನು ಅದಕ್ಕೆ ಕಳಿಸಿ, ಹೆಂಡತಿಯನ್ನು ಟಾಂಗಾದಲ್ಲಿ ಮನೆಗೆ ಮರಳಿಸಿ, ತಾನೂ ಆ ಗುಂಪಿಗೆ ಸೇರುತ್ತಾನೆ. ಮುಸ್ಲಿಮನಾದವನು ಕೆಂಬಾವುಟದ ಕೆಳಗೆ ಕರಗಿಹೋಗುವುದೊಂದೇ ಪರಿಹಾರವೇ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಸತ್ಯು, ಕೈಫಿ ಇಬ್ಬರ ಒಲವೂ ಎಡಪಂಥದ ಕಡೆಗಿತ್ತು. ಆದರೆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸಲೀಂ ಮಿರ್ಜಾ ತನ್ನ ನಮಾಜನ್ನು ಬಿಟ್ಟು ಹೋಗುವುದಿಲ್ಲ. ಒಂಟಿತನವನ್ನು ಬಿಟ್ಟು ಹೋಗುತ್ತಾನೆ. ಕೆಲಸವಿಲ್ಲದ ಮಗ ತನ್ನ ಮನೆಯಲ್ಲಿ ಮಾತ್ರವಿಲ್ಲ, ಊರಿನ ಎಲ್ಲ ಮನೆಗಳಲ್ಲೂ ಇದ್ದಾನೆಂದು ಅವನಿಗೆ ತಿಳಿಯುತ್ತದೆ. ನಮ್ಮ ದುಃಖವನ್ನು ನಾವೊಬ್ಬರೇ ಬಲ್ಲೆವೆಂದು ಮೊಹಲ್ಲಾದೊಳಗೆ ಬಾಗಿಲು ಹಾಕಿಕೊಂಡರೆ ಬಹಿಷ್ಕಾರ ಹಾಕುವವರ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಂತೆ. ಬರದ ರೈತನ, ದಲಿತ ಕೂಲಿಯ, ಬಸವಿಯ ಕಥೆಯೂ ನಮ್ಮದೇ ಎಂದು ಹೇಳಿದ ದಿನ ನಮ್ಮ ಕಥೆಯನ್ನು ಕೇಳಲು ಅವರೂ ಬಂದಾರು.

ಹಕೀಮನ ಊರಿನಿಂದ ಒಂದು ಕೋರಿಕೆ

ಸುತ್ತೂರಿನ ಪಕ್ಕದ ನಂಜನಗೂಡಿನ ಶ್ರೀಕಂಠೇಶ್ವರನಿಗೆ 'ಹಕೀಂ ನಂಜುಂಡ' ಎಂಬ ಹೆಸರಿದೆ. ತನ್ನ ಆನೆಯ ಕಣ್ಣು ವಾಸಿಯಾದುದಕ್ಕೆ ಟಿಪ್ಪು ಸುಲ್ತಾನ ಪಚ್ಚೆಯ ಲಿಂಗ ಕೊಟ್ಟನೆಂದು ಊರಿನವರು ಇಂದಿಗೂ ಹೇಳುತ್ತಾರೆ. ಅದೇ ಟಿಪ್ಪುವಿನ ಮೇಲೆ 1990ರಲ್ಲಿ ದೂರದರ್ಶನದ ಧಾರಾವಾಹಿ ಬಂದಾಗ 'ಇದು ಕಲ್ಪಿತ ಕಥೆ' ಎಂಬ ಫಲಕ ಹಾಕಿಸಿಯೇ ತೋರಿಸಬೇಕಾಯಿತು. ಆ ಧಾರಾವಾಹಿಗಾಗಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರುವರಿ 8ರಂದು ಬೆಂಕಿಗೆ ಆಹುತಿಯಾದ ಅರುವತ್ತಕ್ಕೂ ಹೆಚ್ಚು ಕಾರ್ಮಿಕರು, ಕಲಾವಿದರು ಮಾತ್ರ ಕಲ್ಪಿತರಾಗಿರಲಿಲ್ಲ. ಜನ ಬಾಯಿಂದ ಬಾಯಿಗೆ ನೆನಪಿಟ್ಟುಕೊಳ್ಳುವ ಇತಿಹಾಸಕ್ಕೂ ತೆರೆಯ ಮೇಲೆ ಹಾಕುವ ಫಲಕಕ್ಕೂ ನಡುವೆ ಇಷ್ಟು ಅಂತರವಿರುವ ಸೀಮೆ ನಮ್ಮದು.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಸುತ್ತೂರಿನ ಜಾತ್ರೆಯಲ್ಲಿ ನಾಟಕಕ್ಕೆ ವೇದಿಕೆಯಿದೆ. 1954ರಲ್ಲಿ ವಿದ್ಯಾಪೀಠ ಕಟ್ಟಿ ಹಳ್ಳಿಯ ಮಕ್ಕಳಿಗೆ ಓದು ಕೊಟ್ಟ ಪರಂಪರೆ ಆ ಮಠದ್ದು. ಒಂದು ರಾತ್ರಿ ಅಲ್ಲಿ ಪರದೆ ಕಟ್ಟಿ 'ಬರ'ವನ್ನು ತೋರಿಸಲಿ, ಮರುರಾತ್ರಿ 'ಗರ್ಮ್ ಹವಾ'ವನ್ನು. ಭಾವೈಕ್ಯದ ಕಾರ್ಯಕ್ರಮವೆಂದು ಕರೆಯಬೇಡಿ. ಮೈಸೂರಿನ ಒಬ್ಬ ನಿರ್ದೇಶಕರ ಸಿನಿಮಾ ಎಂದರೆ ಸಾಕು. ಚಿತ್ರ 2014ರ ನವೆಂಬರಿನಲ್ಲಿ ದುರಸ್ತಿಯಾಗಿ ಮರುಬಿಡುಗಡೆಯಾಗಿದೆ. ಪ್ರತಿ ಸಿಗದೆಂಬ ನೆಪ ಯಾರಿಗೂ ಇಲ್ಲ. ಎತ್ತು ಮಾರಲು ಬಂದ ರೈತ, ಲಾಳ ಕಟ್ಟಲು ಬಂದ ಸಾಬಿ ಒಂದೇ ಗೋಣಿಚೀಲದ ಮೇಲೆ ಕೂತು ನೋಡಲಿ. ಹಿಂದಿ-ಉರ್ದು ಅರ್ಥವಾಗದಿದ್ದರೂ ಸಾಲದ ಅರ್ಜಿ ಹಿಡಿದು ನಿಂತವನ ಮುಖ ರೈತನಿಗೆ ಅರ್ಥವಾಗದೇ ಹೋಗದು.

ಮಠವೇ ಮಾಡಲಿ ಎಂದು ಕಾಯುವುದೂ ಬೇಡ. ನಮ್ಮ ಜಮಾಅತ್‌ಗಳು, ಶಾದಿಮಹಲುಗಳು, ಶಾಲೆಗಳು ಮೊದಲು ತೋರಿಸಲಿ. ನೆರೆಯವರನ್ನು ಕರೆಯಲಿ. ಮುಗಿದ ಮೇಲೆ ಬಿರಿಯಾನಿ ಬಡಿಸಿ ಕಳಿಸುವ ಬದಲು ಅರ್ಧ ಗಂಟೆ ಕೂರಿಸಿ ಮಾತಾಡಲಿ: ನಿಮ್ಮ ಬೀದಿಯಲ್ಲಿ ನಮಗೆ ಮನೆ ಕೊಡುತ್ತೀರಾ? ನಮ್ಮ ಬೀದಿಯಲ್ಲಿ ನಿಮ್ಮವರು ಅಂಗಡಿ ಇಟ್ಟರೆ ನಾವು ಹೋಗುತ್ತೇವೆಯೇ? ಮಾತು ಮುಜುಗರ ತರಬಹುದು, ತರಲಿ. ಸತ್ಯು ಅವರ ಚಿತ್ರಕ್ಕೆ ಸಲ್ಲಬೇಕಾದ ನಿಜವಾದ ಬಹುಮಾನ ಆ ಮುಜುಗರವೇ. ಫಲಕ, ಶಾಲು, ಹಣ್ಣಿನ ಬುಟ್ಟಿ ಐವತ್ತು ವರ್ಷ ಕೊಟ್ಟಾಯಿತು. ಇನ್ನಾದರೂ ಬೀರುವಿನ ಬೀಗ ತೆಗೆಯೋಣ.